ವಿಎಂವೇರ್ ಪರೀಕ್ಷೆ ಬರೆದೆ, ಮನೆಯಲ್ಲಿ ಪ್ರಾಕ್ಸ್‌ಮಾಕ್ಸ್ ಓಡಿಸಿದೆ: ಮೂರು ವರ್ಷದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ದುಡ್ಡು ಕೊಟ್ಟಿದ್ದು ವಿಎಂವೇರ್ ಸರ್ಟಿಫಿಕೇಟಿಗೆ. ಮೂರು ವರ್ಷದಿಂದ ದಿನಾ ಬಳಸುತ್ತಿರುವುದು ಪುಕ್ಕಟೆ ಸಿಕ್ಕಿದ ಪ್ರಾಕ್ಸ್‌ಮಾಕ್ಸ್. ಎರಡರ ಕೆಲಸವೂ ಒಂದೇ, ಒಂದು ಯಂತ್ರದೊಳಗೆ ಹಲವು ವರ್ಚುವಲ್ ಕಂಪ್ಯೂಟರ್ (ವಿಎಂ) ಓಡಿಸುವುದು.

2022ರಲ್ಲಿ ವಿಸಿಪಿ, ಅಂದರೆ ಆ ವಿಎಂವೇರ್ ಸರ್ಟಿಫಿಕೇಟ್, ಮಾಡಿದೆ. ಆಗ ಪರೀಕ್ಷೆ ಪಾಸಾದರೆ ಸಾಲದು, ಕಂಪನಿ ಒಪ್ಪಿದ ಕೋರ್ಸನ್ನೂ ಮುಗಿಸಿರಬೇಕಿತ್ತು. ಬೆಂಗಳೂರಿನ ಒಂದು ತರಬೇತಿ ಸಂಸ್ಥೆಗೆ ಎರಡು ತಿಂಗಳ ಸಂಬಳ ಕಟ್ಟಿದೆ. ಲ್ಯಾಬ್ ಕೊಡ್ತೀವಿ ಅಂದಿದ್ದರು, ಕೊಟ್ಟರು, ಕೋರ್ಸ್ ಮುಗಿದ ಮರುದಿನವೇ ಲಾಗಿನ್ ಬಂದ್! ಅಭ್ಯಾಸಕ್ಕೆ ಅಂತ ಗೋಣಿಕೊಪ್ಪದ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಮೇಲೆ ಇಎಸ್‌ಎಕ್ಸ್‌ಐ (ವಿಎಂ ಓಡಿಸುವ ವಿಎಂವೇರ್ ಸಾಫ್ಟ್‌ವೇರ್) ಹಾಕಲು ಕೂತೆ. ಅದರಲ್ಲಿದ್ದ ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡನ್ನು ಇಎಸ್‌ಎಕ್ಸ್‌ಐ ಕಣ್ಣೆತ್ತಿಯೂ ನೋಡಲಿಲ್ಲ. 7ನೇ ಆವೃತ್ತಿಯಿಂದ ಹಳೇ ಲಿನಕ್ಸ್ ಡ್ರೈವರ್‌ಗಳನ್ನು ಕೈಬಿಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಸಿಟ್ಟಿನಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿದೆ. ಒಳಗಿರುವುದು ಡೆಬಿಯನ್ ಲಿನಕ್ಸ್ ಅಲ್ವಾ, ಕಾರ್ಡ್ ತಕ್ಷಣ ಸಿಕ್ಕಿತು.

ನಮ್ಮ ಕಡೆ ಯಾವ ಸರ್ವರಿಗಾದರೂ ನಿಜವಾದ ಪರೀಕ್ಷೆ ಅಂದರೆ ಮಳೆಗಾಲ. ಕಕ್ಕಡ (ಕೊಡಗಿನ ಜೋರು ಮಳೆಯ ತಿಂಗಳು) ಬಂತು ಅಂದರೆ ಎಲ್ಲೋ ತೋಟದಲ್ಲಿ ಮರ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋದರೆ ಒಂದೊಂದು ಸಲ ಎರಡು ದಿನ. ಯುಪಿಎಸ್ ಬ್ಯಾಟರಿ ಮುಗಿದು ಯಂತ್ರ ಪಟ್ ಅಂತ ಆಫ್ ಆದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಡಿಸ್ಕಿಗೆ ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂ ಹಾಕಿದ್ದೆ, ಇವತ್ತಿನವರೆಗೆ ಡೇಟಾ ಹೋಗಿಲ್ಲ.

ಆದರೆ ಎರಡನೇ ಯಂತ್ರ ಸೇರಿಸಿ ಕ್ಲಸ್ಟರ್ (ಒಟ್ಟಿಗೆ ಓಡುವ ಗುಂಪು) ಮಾಡಿದ ಮೇಲೆ ಪಾಠ ಕಲಿತೆ. ಒಂದು ಕೆಟ್ಟು ಕೂತಿತ್ತು, ಇನ್ನೊಂದು ಚೆನ್ನಾಗಿಯೇ ಇತ್ತು, ಆದರೂ ಒಂದೂ ವಿಎಂ ಸ್ಟಾರ್ಟ್ ಆಗಲಿಲ್ಲ. ಕೋರಂ ಇಲ್ಲ ಅಂತ. ಗ್ರಾಮಸಭೆಯಲ್ಲಿ ಜನ ಸಾಲದೆ ಸಭೆ ಮುಂದೂಡುತ್ತಾರಲ್ಲ, ಅದೇ ಕಥೆ. ಅರ್ಧಕ್ಕಿಂತ ಜಾಸ್ತಿ ವೋಟು ಬೇಕು, ಇಬ್ಬರಲ್ಲಿ ಒಬ್ಬ ಎದ್ದು ಹೋದರೆ ಉಳಿದದ್ದು ಬರೀ ಅರ್ಧ. ಕೊನೆಗೆ ರಾಸ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ತಂದು ಮೂರನೇ ವೋಟಿಗೆ ಕೂರಿಸಿದೆ. ಕ್ಲಸ್ಟರ್ ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆ ರಾತ್ರಿ, ಆ ದುಬಾರಿ ಕೋರ್ಸಿನಲ್ಲಿ ಅಲ್ಲ.

ಅಷ್ಟರಲ್ಲಿ ವಿಎಂವೇರ್ ಮನೆಯೇ ಬದಲಾಯಿತು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು, ಡಿಸೆಂಬರ್‌ನಲ್ಲಿ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು, 2024ರ ಫೆಬ್ರವರಿಯಲ್ಲಿ ಫ್ರೀ ಇಎಸ್‌ಎಕ್ಸ್‌ಐ ಹೋಯಿತು, 2025ರ ಏಪ್ರಿಲ್‌ನಲ್ಲಿ ಅದೇ ಫ್ರೀ ಮತ್ತೆ ಬಂತು. ನಾವು ಓದುವುದೋ, ಇವರ ಹಿಂದೆ ಓಡುವುದೋ!

ನಾನಿರುವ ಆಫೀಸಿನಲ್ಲೂ ನವೀಕರಣದ ಬಿಲ್ ನೋಡಿ ಪ್ರಾಕ್ಸ್‌ಮಾಕ್ಸಿಗೆ ಹೋಗೋಣ ಅಂದರು, ಆ ಕೆಲಸ ನನ್ನ ತಲೆಗೇ ಬಂತು. ಇಎಸ್‌ಎಕ್ಸ್‌ಐಯಿಂದ ನೇರ ಇಂಪೋರ್ಟ್ ಮಾಡುವ ಸೌಲಭ್ಯ 2024ರ ಮಾರ್ಚ್‌ನಲ್ಲಿ ಬಂದಿತ್ತು. ಲಿನಕ್ಸ್ ವಿಎಂಗಳು ಸಲೀಸಾಗಿ ಬಂದವು. ವಿಂಡೋಸ್ ಮಾತ್ರ ನೀಲಿ ಸ್ಕ್ರೀನ್ ತೋರಿಸಿ ಮಲಗಿತು, ವರ್ಚುವಲ್ ಡಿಸ್ಕನ್ನು ಗುರುತಿಸುವ ವರ್ಟ್‌ಐಒ ಡ್ರೈವರ್ ಅದರಲ್ಲಿ ಇರಲಿಲ್ಲ. ಮೊದಲು ಸಾಟಾ ಡಿಸ್ಕ್ ಅಂತ ಬೂಟ್ ಮಾಡಿ, ಡ್ರೈವರ್ ಹಾಕಿ, ಆಮೇಲೆ ಡಿಸ್ಕನ್ನು ವರ್ಟ್‌ಐಒಗೆ ಬದಲಿಸಿ.

ಹುತ್ತರಿ ಹಬ್ಬಕ್ಕೆ ಬಂದಿದ್ದ ಚಿಕ್ಕಪ್ಪನ ಮಗ ಕೇಳಿದ, "ಅಣ್ಣಾ, ಹಾಗಾದ್ರೆ ಪ್ರಾಕ್ಸ್‌ಮಾಕ್ಸ್ ಸರ್ಟಿಫಿಕೇಟೇ ಮಾಡ್ಲಾ?" ಬೇಡ ಅಂದೆ. ಪ್ರಾಕ್ಸ್‌ಮಾಕ್ಸ್ ಸರ್ಟಿಫಿಕೇಟ್ ಕೇಳಿದ ಎಚ್‌ಆರ್ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ಅದನ್ನು ಕಲಿಯಲಿ, ಕಾಗದ ಬೇರೆ ಕಡೆ ಮಾಡಲಿ. ಪ್ರಾಕ್ಸ್‌ಮಾಕ್ಸ್, ನ್ಯೂಟಾನಿಕ್ಸ್‌ನ ಎಎಚ್‌ವಿ, ರೆಡ್ ಹ್ಯಾಟ್‌ನ ಓಪನ್‌ಶಿಫ್ಟ್ ವರ್ಚುವಲೈಸೇಶನ್, ಎಲ್ಲದರ ಬುಡದಲ್ಲಿ ಇರುವುದು 2007ರಿಂದ ಲಿನಕ್ಸ್ ಕರ್ನೆಲ್‌ನಲ್ಲಿರುವ, ವಿಎಂ ಓಡಿಸುವ ಕೆವಿಎಂ. ಹಾಗಾಗಿ ಮೊದಲು ರೆಡ್ ಹ್ಯಾಟ್‌ನ ಲಿನಕ್ಸ್ ಸರ್ಟಿಫಿಕೇಟ್ ಆರ್‌ಎಚ್‌ಸಿಎಸ್‌ಎ ಮಾಡು ಅಂದೆ. ಅದು ಟಿಕ್ ಹಾಕುವ ಪರೀಕ್ಷೆಯಲ್ಲ, ಯಂತ್ರದ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು, 300ಕ್ಕೆ 210 ಬರಬೇಕು. ವರ್ಚುವಲೈಸೇಶನ್ನಿನ ಪರೀಕ್ಷೆ ಅಲ್ಲ, ಆದರೆ ಕೆವಿಎಂ ಕೆಟ್ಟಾಗ ಕೈ ಹಾಕುವುದು ಲಿನಕ್ಸಿಗೇ. ಬೆಂಗಳೂರಿನ ದೊಡ್ಡ ಕಂಪನಿ, ಬ್ಯಾಂಕ್ ಕಡೆ ಹೋಗುವ ಆಸೆ ಇದ್ದರೆ ವಿಸಿಪಿ ಈಗಲೂ ವೇಸ್ಟ್ ಅಲ್ಲ, ಸುಮ್ನೆ ಬೈಯಲಾರೆ. ನನ್ನ ಮೊದಲ ಇಂಟರ್ವ್ಯೂ ಸಿಕ್ಕಿದ್ದು ಅದರಿಂದಲೇ. ಆದರೆ ಕೈಯಿಂದ ದುಡ್ಡು ಹಾಕಿ ಮಾಡಬೇಡಿ, ಕಂಪನಿ ಕೊಡಿಸಿದರೆ ಮಾಡಿ. ಮೈಕ್ರೋಸಾಫ್ಟ್‌ನ ಹೈಪರ್-ವಿ ಬಗ್ಗೆ ನನಗೆ ಆಸಕ್ತಿ ಇಲ್ಲ.

ಪ್ರಾಕ್ಸ್‌ಮಾಕ್ಸ್ ಬಗ್ಗೆ ಗೊಣಗಾಟವೂ ಇದೆ. ಲಾಗಿನ್ ಆದಾಗಲೆಲ್ಲ "ನಿಮಗೆ ಸಬ್‌ಸ್ಕ್ರಿಪ್ಶನ್ ಇಲ್ಲ" ಅನ್ನುವ ಪಾಪ್‌ಅಪ್, ಮದುವೆ ಆಗದವರನ್ನು ನೆಂಟರು ಕೇಳಿದ ಹಾಗೆ. ಹತ್ತಾರು ಸರ್ವರ್ ನೋಡಿಕೊಳ್ಳುವವರಿಗೆ ವಿಸೆಂಟರ್‌ನ (ಎಲ್ಲ ಸರ್ವರ್ ಒಂದೇ ಕಡೆಯಿಂದ ನೋಡುವ ವಿಎಂವೇರ್ ಸಾಧನ) ಅನುಕೂಲ ಇಲ್ಲಿ ಅಷ್ಟಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ನನ್ನ ವಿಸಿಪಿಗೆ ಎರಡೂವರೆ.

ಇನ್ನೊಂದು, ಆರ್‌ಎಚ್‌ಸಿಎಸ್‌ಎ ಪರೀಕ್ಷೆಯನ್ನು ಮನೆಯಿಂದಲೂ ಬರೆಯಬಹುದು. ನಮ್ಮ ಕಡೆಯವರು ಜುಲೈ, ಆಗಸ್ಟ್‌ನಲ್ಲಿ ಆ ಧೈರ್ಯ ಮಾಡಬೇಡಿ. ನಾನು ಹಿಂದಿನ ದಿನವೇ ಬಸ್ ಹತ್ತಿ ಮೈಸೂರಿನ ಅಕ್ಕನ ಮನೆಗೆ ಹೋಗಿ, ಅವಳ ಮಕ್ಕಳನ್ನು ರೂಮಿನಿಂದ ಹೊರಗೆ ಹಾಕಿ, ಬಾಗಿಲು ಹಾಕಿಕೊಂಡು ಬರೆದೆ.