ದಾವಣಗೆರೆ ವಿದ್ಯಾನಗರದ ಲೇಡೀಸ್ ಪಿಜಿ: ಊಟ ಪರವಾಗಿಲ್ಲ, ನೀರು ಕಷ್ಟ, ಸೇರೋ ಮುಂಚೆ ಓದ್ಕೊಳಿ

ದಾವಣಗೆರೆ ಯೂನಿವರ್ಸಿಟಿಲಿ ಎಂಕಾಂ ಮುಗಿಯೋವರೆಗೂ ಇದೇ ಪಿಜಿಲಿ ಇದ್ದೆ. ಹೆಸರು ಹಾಕಲ್ಲ, ಪಿಜಿ ನಡೆಸೋ ಆಂಟಿ ಬೇಜಾರ್ ಮಾಡ್ಕೊಂತಾರೆ. ನಮ್ದು ಜಗಳೂರು ತಾಲ್ಲೂಕಲ್ಲಿ ಒಂದ್ ಹಳ್ಳಿ, ದಿನಾ ಹೋಗಿಬಂದು ಓದೋಣ ಅಂದ್ರೆ ಊರಿಂದ ಜಗಳೂರಿಗೆ ಒಂದ್ ಬಸ್ಸು, ಅಲ್ಲಿಂದ ದಾವಣಗೆರೆಗೆ ಇನ್ನೊಂದು, ಇಲ್ಲಿಂದ ತೋಳಹುಣಸೆ ಕ್ಯಾಂಪಸ್ಸಿಗೆ ಮತ್ತೊಂದು, ಕ್ಲಾಸಲ್ಲಿ ಕೂತಿದ್ದಕ್ಕಿಂತ ಬಸ್ಸಲ್ಲಿ ನಿಂತಿದ್ದೇ ಜಾಸ್ತಿ ಆಗುತ್ತೆ. ಅದಕ್ಕೇ ಪಿಜಿ.

ಮೂರು ಜನದ ರೂಮು ಊಟ ಸೇರಿ 5500, ಅಡ್ವಾನ್ಸ್ 5000, ಬಿಡುವಾಗ ಪೇಂಟಿಂಗ್ ಅಂತ ಸಾವಿರ ಮುರ್ಕೊಂತಾರೆ (ಗೋಡೆಗೆ ಪೇಂಟ್ ಹೊಡ್ದಿದ್ದು ನಾನಂತೂ ನೋಡಿಲ್ಲ). ಸರ್ಕಾರಿ ಹಾಸ್ಟೆಲ್ ಸೀಟ್ ಸಿಗದ ಹಿಂದುಳಿದ ವರ್ಗದೋರಿಗೆ ವಿದ್ಯಾಸಿರಿ ಅನ್ನೋ ಸರ್ಕಾರಿ ಯೋಜನೆಲಿ ದುಡ್ಡು ಬರುತ್ತಲ್ಲ (ನಾನಿದ್ದಾಗ ತಿಂಗಳಿಗೆ 1500ರ ಲೆಕ್ಕದಲ್ಲಿ ಹತ್ತು ತಿಂಗಳು), ಅದನ್ನ ನಂಬ್ಕೊಂಡು ಪಿಜಿ ಹಿಡೀಬೇಡಿ, ಉಳಿದಿದ್ದನ್ನ ಅಪ್ಪಾಜಿ ಮೆಕ್ಕೆಜೋಳ ಮಾರಿದ ದುಡ್ಡಲ್ಲೇ ಕೊಡ್ಬೇಕು.

ಊಟ ಚೆನ್ನಾಗೈತೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಾಡಿದ ದಿನ ಯಾರೂ ಲೇಟಾಗಿ ಏಳಲ್ಲ. ರಾತ್ರಿ ಚಪಾತಿ, ವಾರಕ್ಕೆರಡು ಸಲ ಮುದ್ದೆ, ಸಾರು ಸ್ವಲ್ಪ ನೀರು. ಭಾನುವಾರ ರಾತ್ರಿ ಅಡಿಗೆ ಇಲ್ಲ, ಹೊಸಬರು ಇದಕ್ಕೆ ಸಿಟ್ಟಾಗ್ತಾರೆ ಆದ್ರೆ ಆವತ್ತೇ ಭರ್ಜರಿ ಊಟ, ಎಲ್ರೂ ಊರಿಂದ ವಾಪಸ್ ಬಂದಿರ್ತಾರಲ್ಲ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು, ಗಟ್ಟಿ ಮೊಸರು ಎಲ್ಲ ಪೇಪರ್ ಹಾಸಿ ನೆಲದ ಮೇಲೆ ಇಟ್ಕೊಂಡು ಕೂತ್ರೆ ಯಾರ ಡಬ್ಬಿ ಯಾರು ಖಾಲಿ ಮಾಡಿದ್ರು ಗೊತ್ತಾಗಲ್ಲ.

ನೀರಿಂದು ದೊಡ್ಡ ಗೋಳು. ಸೋಲಾರ್ ಬಿಸಿನೀರು ಏಳು ಗಂಟೆಗೆಲ್ಲ ಮುಗಿಯುತ್ತೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ಬರೋವರೆಗೂ ಬಟ್ಟೆ ಒಗೆಯೋಂಗಿಲ್ಲ. ಗೇಟ್ ರಾತ್ರಿ ಎಂಟೂವರೆಗೆ ಬಂದ್, ಕೋಚಿಂಗ್ ಹೋಗೋರು ಮೊದ್ಲೇ ಮಾತಾಡ್ಕೊಳಿ, ಆಮೇಲೆ ಅಂಕಲ್ ಹತ್ರ ವಾದ ಮಾಡಿ ಪ್ರಯೋಜನ ಇಲ್ಲ.

ಈ ಅಂಕಲ್ ಆಂಟಿದೇ ಒಂದು ಕಥೆ. ಚನ್ನಗಿರಿ ಕಡೆ ಅಡಿಕೆ ತೋಟ ಇರೋರು, ಮಗನ ಓದಿಗೆ ಅಂತ ಇಲ್ಲಿ ಬಂದು ಮನೆ ಕಟ್ಸಿದ್ರು, ಮಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರ್ದ, ಖಾಲಿಯಾದ ಮಹಡಿ ನಮ್ಗೆ ಪಿಜಿ ಆಯ್ತು. ಈ ಊರಲ್ಲಿ ಇಂಥ ಮನೆ ಬೇಕಾದಷ್ಟಿವೆ. ಒಂದ್ ಕಾಲಕ್ಕೆ ಹಳ್ಳಿಯೋರು ಕಾಟನ್ ಮಿಲ್ ಕೆಲಸಕ್ಕೆ ಅಂತ ಬರ್ತಿದ್ರು, ಮಿಲ್ ಮುಚ್ಚಿದ್ವು, ಈಗ ಕಾಲೇಜಿಗೆ ಬರ್ತಾರೆ. 1951ರ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ಮೆಡಿಕಲ್, 1979ರ ಬಿಐಇಟಿ ಇಂಜಿನಿಯರಿಂಗ್ ಕಾಲೇಜು, 2009ರಲ್ಲಿ ಯೂನಿವರ್ಸಿಟಿ, ಹಿಂಗೆ ಒಂದೊಂದಾಗಿ ಬಂದಂಗೆ ಬಾಡಿಗೆ ರೂಮು, ಮೆಸ್ಸು, ಜೆರಾಕ್ಸ್ ಅಂಗಡಿನೂ ಬೆಳೆದ್ವು. ಆದ್ರೆ ಮಿಲ್ಲಿಗೆ ಬಂದೋರು ಇಲ್ಲೇ ಉಳಿದ್ರು, ಓದೋಕೆ ಬಂದೋರು ಉಳಿಯಲ್ಲ, ಯಾಕಂದ್ರೆ ಡಿಗ್ರಿ ಇಲ್ಲಿ ಸಿಗುತ್ತೆ, ಅದಕ್ಕೆ ತಕ್ಕ ಸಂಬಳ ಇಲ್ಲಿ ಕಮ್ಮಿ. ನಮ್ಮ ರೂಮಲ್ಲೇ ನೋಡಿ, ಹರಪನಹಳ್ಳಿಯೋಳು ರಿಸಲ್ಟ್ ಬರೋ ಮುಂಚೆನೇ ಬೆಂಗಳೂರಲ್ಲಿ ಆಡಿಟರ್ ಆಫೀಸಿಗೆ ಸೇರಿದ್ಲು, ಮೊಳಕಾಲ್ಮೂರಿನೋಳು ಬಿಎಡ್ ಮಾಡಿ ತಮ್ಮೂರ ಹೈಸ್ಕೂಲಲ್ಲೇ ಅತಿಥಿ ಶಿಕ್ಷಕಿ ಆಗಿದಾಳೆ, ವಾಪಸ್ ಹೋದೋಳು ಅವಳೊಬ್ಳೇ, ಅದೂ ಪರ್ಮನೆಂಟ್ ಅಲ್ಲ. ನಾನೂ ಬೆಂಗಳೂರಿಗೇ ಹೊರಟಿರೋದು. ಓದಿಸಿದ್ದಕ್ಕೆ ಮಕ್ಕಳು ಊರು ಬಿಟ್ರು ಅಂತ ಕಟ್ಟೆ ಮೇಲೆ ಕೂತು ಬೈಯೋರಿಗೆ ಒಂದ್ ಮಾತು, ಎಂಕಾಂ ಮಾಡಿದೋಳಿಗೆ ಊರಲ್ಲಿ ಏನ್ ಕೆಲಸ ಇಟ್ಟಿದೀರಿ ಅಂತಾನೂ ಹೇಳಿ.

2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಹರಿಹರ ಕಡೆ ಹುಡುಗೀರು ಪಿಜಿ ಬಿಟ್ಟು ಫ್ರೀ ಬಸ್ಸಲ್ಲೇ ಓಡಾಡ್ತಾರೆ ಅಂತ ಆಂಟಿ ಆಗಾಗ ಗೊಣಗ್ತಾರೆ. ಅದ್ರಿಂದ ನಮಗೆ ಲಾಭ, ಬೆಡ್ ಖಾಲಿ ಇದ್ದಾಗ ಚೌಕಾಸಿ ನಡೆಯುತ್ತೆ, ನಾನು 300 ಇಳಿಸ್ದೆ.

ಊಟಕ್ಕೆ ನಾಲ್ಕು ಸ್ಟಾರ್, ನೀರಿಗೆ ಒಂದೂವರೆ, ಸೇಫ್ಟಿಗೆ ಐದು. ಹರಿಹರದಷ್ಟು ಹತ್ರದೋರಿಗೆ ಇದು ದಂಡ, ಬಸ್ಸೇ ಲೇಸು. ಜಗಳೂರು, ಮೊಳಕಾಲ್ಮೂರು ಕಡೆಯೋರು ಧೈರ್ಯವಾಗಿ ಸೇರ್ಕೊಳಿ, ಮೊದಲ್ನೇ ಮಹಡಿ ರೂಮ್ ಕೇಳಿ, ಮೇಲಿಂದು ಬೇಸಿಗೆಲಿ ಕಾದು ಹೆಂಚಾಗುತ್ತೆ, ಅಡ್ವಾನ್ಸ್ ಕೊಟ್ಟಿದ್ದಕ್ಕೆ ಚೀಟಿ ಬರೆಸ್ಕೊಳೋದು ಮರೀಬೇಡಿ.