ವಿಂಡೋಸ್ ಬಿಟ್ಟು ಬರುವವರಿಗೆ ಮಿಂಟ್ ಸರಿಯಾ, ಉಬುಂಟು ಸರಿಯಾ?

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಲ್ಯಾಪ್‌ಟಾಪ್ ಎಸೆಯಲು ಮನಸ್ಸಾಗದೆ ನಾನು ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಕಡೆ ಬಂದೆ. ಅದರ ಎರಡು ರೂಪಗಳಾದ ಮಿಂಟ್, ಉಬುಂಟು ಎರಡನ್ನೂ ಬಳಸಿ ನೋಡಿದೆ.

ಮಿಂಟ್‌ನ ಸಿನಮನ್ ಎಂಬ ಡೆಸ್ಕ್‌ಟಾಪ್‌ನಲ್ಲಿ ಮೆನು ಎಡಗಡೆ ಕೆಳಮೂಲೆಯಲ್ಲೇ ಇದೆ, ಗಡಿಯಾರ ಬಲಗಡೆ. ಕೈ ತಾನಾಗೇ ಅಲ್ಲಿಗೆ ಹೋಯಿತು. ಉಬುಂಟುವಿನಲ್ಲಿ ಐಕಾನ್‌ಗಳ ಸಾಲು ಎಡಪಕ್ಕದಲ್ಲಿ ಉದ್ದಕ್ಕೆ ನಿಂತಿದೆ. ಮಿನಿಮೈಸ್ ಮಾಡಿದ ವಿಂಡೋ ಎಲ್ಲಿ ಹೋಯಿತು ಅಂತ ಮೊದಲ ವಾರ ಹುಡುಕುತ್ತಿದ್ದೆ. ಆದರೆ ಕೀಬೋರ್ಡಿನ ವಿಂಡೋಸ್ ಕೀ ಒತ್ತಿದರೆ ತೆರೆದದ್ದೆಲ್ಲ ಒಟ್ಟಿಗೆ ಹರಡಿಕೊಳ್ಳುತ್ತದೆ. ಅದು ನನಗೆ ತುಂಬಾ ಹಿಡಿಸಿತು.

ಒಳಗಿನ ಬುನಾದಿ ಒಂದೇ, ಮಿಂಟ್ ನಿಂತಿರುವುದೇ ಉಬುಂಟು ಮೇಲೆ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ, ಹೊಸದು ಕಲಿಯಲು ಪುರುಸೊತ್ತಿಲ್ಲದಿದ್ದರೆ ಮಿಂಟ್ ತಗೊಳ್ಳಿ. ಹೊಸ ರೀತಿಗೆ ಒಗ್ಗಿಕೊಳ್ಳುವ ಆಸೆ ಜಾಸ್ತಿ ಇದ್ದರೆ ಉಬುಂಟು.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ (ಅಂದರೆ ಕಂಪ್ಯೂಟರ್ ಶುರು ಮಾಡಿ) ವೈಫೈ, ಸೌಂಡ್ ಪರೀಕ್ಷಿಸಿ.