ಕೃತಕ ಕಾಲಿನ ಸದ್ದು ಕೇಳಿದ ಮೆಕ್ಯಾನಿಕ್

ಅಂಕೋಲೆಯಲ್ಲಿ ನನ್ನದು ಟೂವೀಲರ್ ಗ್ಯಾರೇಜು. ಬರುವ ಚೌತಿಗೆ 31 ವರ್ಷ. ಗಾಡಿ ಇನ್ನೂ ತಿರುವಿನಾಚೆ ಇರುವಾಗಲೇ ಅದು ಯಾರದ್ದು ಎಂದು ಹೇಳಬಲ್ಲೆ. ಬೇಲಿಕೇರಿ ಕಡೆಯಿಂದ ಮೀನು ತರುವವರ ಗಾಡಿಗಳ ಚೈನು ಉಪ್ಪುಗಾಳಿಗೆ ತುಕ್ಕು ಹಿಡಿದು ಕರಕರ ಎನ್ನುತ್ತದೆ. ಟ್ಯಾಪೆಟ್ ಸಡಿಲಾದ ಗಾಡಿಯದ್ದು ಬೇರೆ ಸದ್ದು, ಬೇರಿಂಗ್ ಹೋದದ್ದರದ್ದು ಮತ್ತೂ ಬೇರೆ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುವ ಕಸುಬು ಇದು.

ಅದಕ್ಕೇ ಇರಾನಿನ ಜಾಫರ್ ಪನಾಹಿಯವರ ‘ಇಟ್ ವಾಸ್ ಜಸ್ಟ್ ಆ್ಯನ್ ಆಕ್ಸಿಡೆಂಟ್’ ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ನಾನು ಎದ್ದು ಕೂತೆ. ರಜೆಗೆ ಬಂದ ಮಗಳು ಲ್ಯಾಪ್‌ಟಾಪಿನಲ್ಲಿ ಹಾಕಿದ್ದಳು. ಮಾತು ಪರ್ಷಿಯನ್, ಕೆಳಗೆ ಇಂಗ್ಲಿಷ್ ಅಕ್ಷರ. ನನಗೆ ಓದಿ ಮುಗಿಯುವಷ್ಟರಲ್ಲಿ ಅಕ್ಷರ ಹೋಗಿರುತ್ತಿತ್ತು. ಅವಳು ಅಲ್ಲಲ್ಲಿ ನಿಲ್ಲಿಸಿ ಹೇಳುತ್ತಾ ಹೋದಳು.

ರಾತ್ರಿ ಹೊತ್ತು. ಒಬ್ಬ ಗಂಡಸು, ಬಸುರಿ ಹೆಂಡತಿ, ಚಿಕ್ಕ ಮಗಳು ಕಾರಿನಲ್ಲಿ ಹೋಗುತ್ತಿದ್ದಾರೆ. ನಾಯಿಯೊಂದು ಅಡ್ಡ ಬಂದು ಸಾಯುತ್ತದೆ. ಆಮೇಲೆ ಕಾರು ಕೆಡುತ್ತದೆ, ರಿಪೇರಿಗೆ ನಿಲ್ಲುತ್ತಾರೆ. ಅಲ್ಲಿ ಕೆಲಸ ಮಾಡುವ ವಾಹಿದ್‌ಗೆ ಆ ಗಂಡಸಿನ ನಡಿಗೆಯಲ್ಲಿ ಕೃತಕ ಕಾಲಿನ ಕಿರ್ರೆನ್ನುವ ಸದ್ದು ಕೇಳುತ್ತದೆ. ಅಷ್ಟೇ ಸಾಕು. ಜೈಲಿನಲ್ಲಿ ತನ್ನನ್ನು ಹಿಂಸಿಸಿದವನು ಇವನೇ. ಬಾಕಿ ಸಂಬಳ ಕೇಳಿದ್ದಕ್ಕೆ ಜೈಲು ಸೇರಿದ್ದ ಕೂಲಿಯವನು ವಾಹಿದ್. ಅಲ್ಲಿ ತಿಂದ ಪೆಟ್ಟಿಗೆ ಈಗಲೂ ಸೊಂಟದ ಪಕ್ಕ ಕೈ ಒತ್ತಿಕೊಂಡೇ ನಡೆಯುತ್ತಾನೆ. ಮರುದಿನ ಆ ಮನುಷ್ಯನನ್ನು ವ್ಯಾನಿಗೆ ಹಾಕಿಕೊಂಡು ಬಯಲಿಗೆ ಒಯ್ದು, ಗುಂಡಿ ತೋಡಿ, ಜೀವಂತ ಇರುವಾಗಲೇ ಮಣ್ಣು ಎಳೆಯತೊಡಗುತ್ತಾನೆ. ‘ನಾನು ಅವನಲ್ಲ, ನನ್ನ ಕಾಲು ಹೋದದ್ದು ಇತ್ತೀಚೆಗೆ’ ಎಂದು ಗುಂಡಿಯೊಳಗಿಂದ ಕೂಗು. ವಾಹಿದನ ಗುದ್ದಲಿ ಅಲ್ಲಿಗೆ ನಿಲ್ಲುತ್ತದೆ.

ನಾನು ಲ್ಯಾಪ್‌ಟಾಪ್ ನಿಲ್ಲಿಸಲು ಹೇಳಿದ್ದು ಅಲ್ಲೇ. ಹೊರಗೆ ಹೋಗಿ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತೆ.

ಆರು ವರ್ಷದ ಹಿಂದೆ ಒಂದು ರಾತ್ರಿ ನನ್ನ ಗ್ಯಾರೇಜಿನ ಬೀಗ ಮುರಿದು ಎರಡು ಬ್ಯಾಟರಿ, ಒಂದು ಪಾನಾ ಸೆಟ್ಟು ಒಯ್ದಿದ್ದರು. ಮನೆ ಹಿಂದೆಯೇ ಇದೆ. ಎಚ್ಚರವಾಗಿ ಹೊರಗೆ ಓಡುವಷ್ಟರಲ್ಲಿ ಗಾಡಿ ಹೋಗಿತ್ತು. ಆದರೆ ಸದ್ದು ಕೇಳಿದ್ದೆ. ಗೇರ್ ಬದಲಿಸಿದಾಗ ಚೈನ್ ಕವರು ಠಕ್ಕೆಂದು ಒಂದೇ ಒಂದು ಸಲ ಬಡಿಯುವ ಸದ್ದು. ಮೂರನೇ ದಿನ ಪೇಟೆಯಲ್ಲಿ ಅದೇ ಸದ್ದು. ದೋಣಿಗೆ ಹೋಗುವ ಒಬ್ಬ ಹುಡುಗ, ನನ್ನದೇ ಗಿರಾಕಿ. ಮೀನುಪೇಟೆಯ ಎದುರು, ಜನರೆದುರು, ಕಾಲರ್ ಹಿಡಿದೆ. ಕೆನ್ನೆಗೂ ಒಂದು ಕೊಟ್ಟೆ. ‘ನಾ ಅಲ್ಲ ಅಣ್ಣಾ’ ಎಂದು ಹೇಳುತ್ತಲೇ ಇದ್ದ. ವಾರದೊಳಗೆ ಕದ್ದವರು ಬೇರೆ ಊರಿನಲ್ಲಿ ಸಿಕ್ಕರು, ನನ್ನ ಬ್ಯಾಟರಿಯೂ ಸಿಕ್ಕಿತು. ಅವರ ಗಾಡಿ ಅದೇ ಮಾಡೆಲ್, ಚೈನ್ ಕವರಿಗೆ ಅದೇ ರೋಗ. ಹುಡುಗನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವನ ಅವ್ವಿ ಚಾ ಕೊಟ್ಟಳು. ಅವನು ಹೊರಗೆ ಬರಲಿಲ್ಲ.

ವಾಹಿದನ ಸಂಶಯವನ್ನು ಪನಾಹಿ ಇಡೀ ಸಿನಿಮಾದ ಇಂಜಿನ್ ಮಾಡಿಕೊಂಡಿದ್ದಾರೆ. ಆ ಮನುಷ್ಯನನ್ನು ಪೆಟ್ಟಿಗೆಯೊಳಗೆ ತುಂಬಿಟ್ಟುಕೊಂಡು, ಗುರುತಿಸಬಲ್ಲವರನ್ನು ಹುಡುಕುತ್ತಾ ವಾಹಿದ್ ವ್ಯಾನಿನಲ್ಲಿ ಊರು ಸುತ್ತುತ್ತಾನೆ. ಶಿವಾ ಎಂಬ ಫೋಟೋಗ್ರಾಫರ್ ಹೆಂಗಸು, ಮದುವೆಯ ಬಿಳಿ ಉಡುಪಿನಲ್ಲೇ ವ್ಯಾನು ಹತ್ತುವ ಗೋಲ್ರೋಖ್, ಸಿಟ್ಟು ತಡೆಯಲಾಗದ ಹಮೀದ್. ಎಲ್ಲರೂ ಆ ಜೈಲಿನಲ್ಲಿ ಇದ್ದವರು. ಆದರೆ ಒಬ್ಬರೂ ಅವನ ಮುಖ ನೋಡಿಲ್ಲ, ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಶಿವಾಗೆ ಬೆವರಿನ ವಾಸನೆ ನೆನಪಿದೆ. ಹಮೀದ್‌ಗೆ ಕಾಲಿನ ಗಾಯದ ಗುರುತು ಬೆರಳಿಗೆ ನೆನಪಿದೆ. ಅವನು ಆ ಕಾಲನ್ನು ಮುಟ್ಟಿ ನೋಡುವ ದೃಶ್ಯದಲ್ಲಿ ನನ್ನ ಮಗಳು ಮುಖ ತಿರುಗಿಸಿದಳು. ನೋಡಲು ರಕ್ತ ಏನೂ ಇಲ್ಲ. ಕೈ ಮಾತ್ರ.

ಪನಾಹಿ ಇದನ್ನು ಊಹಿಸಿ ಬರೆದವರಲ್ಲ. 2010ರಲ್ಲಿ ಅವರಿಗೆ ಆರು ವರ್ಷ ಜೈಲು, 20 ವರ್ಷ ಸಿನಿಮಾ ಮಾಡಬಾರದೆಂಬ ಶಿಕ್ಷೆ ಆಗಿತ್ತು. 2022ರ ಜುಲೈಯಲ್ಲಿ ಮತ್ತೆ ಹಿಡಿದು ತೆಹರಾನಿನ ಎವಿನ್ ಜೈಲಿಗೆ ಹಾಕಿದರು. ಉಪವಾಸ ಕೂತ ಮೇಲೆ 2023ರ ಫೆಬ್ರವರಿಯಲ್ಲಿ ಬಿಡುಗಡೆ. ಈ ಸಿನಿಮಾವನ್ನೂ ಸರಕಾರದ ಪರವಾನಗಿ ಇಲ್ಲದೆ ಕದ್ದುಮುಚ್ಚಿ ತೆಗೆದರು. 2025ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ದೋರ್ ಬಂತು. ಹಾಗೆ ತೆಗೆದದ್ದಕ್ಕೇ ಇರಬೇಕು, ಅರ್ಧ ಸಿನಿಮಾ ವ್ಯಾನಿನೊಳಗೆ ನಡೆಯುತ್ತದೆ. ಆ ಇಕ್ಕಟ್ಟು ನಮಗೂ ತಟ್ಟುತ್ತದೆ.

ಇಷ್ಟವಾಗದ್ದೂ ಇದೆ. ಬಯಲಿನಲ್ಲಿ ಎಲ್ಲರೂ ಸೇರಿ ಕೊಲ್ಲಬೇಕೋ ಬಿಡಬೇಕೋ ಎಂದು ವಾದಿಸುವ ಭಾಗ ಉದ್ದವಾಯಿತು. ಒಬ್ಬೊಬ್ಬರೂ ಒಂದೊಂದು ಪಕ್ಷ ಹಿಡಿದು ಮಾತಾಡುತ್ತಾರೆ. ಅಷ್ಟು ಸಿಟ್ಟಿನಲ್ಲಿರುವವರು ಅಷ್ಟು ಸರಿಯಾಗಿ ಮಾತು ಜೋಡಿಸುವುದಿಲ್ಲ. ಹಮೀದನ ಪಾತ್ರಕ್ಕೆ ಕೂಗಾಟ ಬಿಟ್ಟು ಇನ್ನೇನಾದರೂ ಕೊಡಬಹುದಿತ್ತು.

ಆದರೆ ಮಧ್ಯದಲ್ಲಿ ಬರುವ ಒಂದು ಫೋನು ಆ ಕೊರತೆಯನ್ನೆಲ್ಲ ತುಂಬಿಬಿಡುತ್ತದೆ. ಪೆಟ್ಟಿಗೆಯಲ್ಲಿರುವವನ ಮೊಬೈಲ್ ರಿಂಗಾಗುತ್ತದೆ. ಅವನ ಪುಟ್ಟ ಮಗಳು, ಅಮ್ಮ ಎಚ್ಚರ ತಪ್ಪಿ ಬಿದ್ದಿದ್ದಾಳೆ ಎನ್ನುತ್ತಾಳೆ. ಕೊಲ್ಲಲು ಹೊರಟವರು ಅದೇ ವ್ಯಾನಿನಲ್ಲಿ ಅವನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ದುಡ್ಡು ವಾಹಿದನೇ ಕಟ್ಟುತ್ತಾನೆ, ಗಂಡು ಮಗು ಹುಟ್ಟಿತೆಂದು ಸಿಹಿಯನ್ನೂ ಹಂಚುತ್ತಾನೆ. ನನ್ನ ಹೆಂಡತಿ ಅಲ್ಲಿಯವರೆಗೆ ಒಳಗೆ ಗಂಜಿ ಬಸಿಯುತ್ತಿದ್ದವಳು, ಬಂದು ಬಾಗಿಲಲ್ಲಿ ನಿಂತಳು. ‘ಮತ್ತೆ ಏನ್ ಮಾಡ್ತಾ? ಹಸುಗೂಸು ಏನ್ ಮಾಡಿತ್ತು?’ ಎಂದಳು. ಕತೆ ಏನೆಂದು ಅವಳಿಗೆ ಗೊತ್ತಿರಲಿಲ್ಲ.

ನಮ್ಮ ಅಜ್ಜ 1932ರ ಕರನಿರಾಕರಣೆಯಲ್ಲಿ ಹಿಂಡಲಗಾ ಜೈಲಿಗೆ ಹೋದವನು. ಅಂಕೋಲೆ ಕಡೆ ಹಾಗೆ ಹೋದವರ ಮನೆ ಬಹಳ ಇವೆ. ಜೈಲಿನ ಸುದ್ದಿ ಅಜ್ಜ ಆಡಿದ್ದು ಕಡಿಮೆ. ಆದರೆ ನಾಲು ಹೊಡೆದ ಬೂಟು ಹಾಕಿದವರು ಯಾರೇ ಅಂಗಳಕ್ಕೆ ಬಂದರೂ, ಉಣ್ಣುತ್ತಿದ್ದವನು ಬಟ್ಟಲು ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಬಂದವನು ಪೋಸ್ಟಿನವನಾದರೂ ಅಷ್ಟೇ. ನಾನು ಆಗ ಏಳೆಂಟು ವರ್ಷದವನು. ಅಜ್ಜನಿಗೆ ಬೂಟು ಅಂದರೆ ಗೌರವ ಎಂದುಕೊಂಡಿದ್ದೆ.

ಕೊನೆಯ ಭಾಗ ಹೇಳುವುದಿಲ್ಲ. ರಾತ್ರಿ, ಒಂದು ಮರ, ವ್ಯಾನಿನ ಹಿಂದಿನ ಕೆಂಪು ದೀಪ, ಕ್ಯಾಮೆರಾ ಅಲುಗದೆ ಒಬ್ಬನ ಮುಖವನ್ನೇ ಹಿಡಿದು ನಿಂತಿದೆ. ಕೃತಕ ಕಾಲಿನವನ ಪಾತ್ರದ ಎಬ್ರಾಹಿಂ ಅಜೀಜಿ ಅಲ್ಲಿ ಮಾಡಿದ ಅಭಿನಯಕ್ಕಾಗಿಯೇ ನೋಡಿ. ಅದರ ನಂತರದ ಕೊನೆಯ ಶಾಟ್ ಇರುವುದು ಕಿವಿಗೆ. ಹಾಗಾಗಿ ಫೋನಿನ ಸ್ಪೀಕರಿನಲ್ಲಿ, ಫ್ಯಾನು ಹಾಕಿಕೊಂಡು ನೋಡಬೇಡಿ. ಇಯರ್‌ಫೋನ್ ಹಾಕಿ. ಸುಮಾರು ಒಂದೂಮುಕ್ಕಾಲು ತಾಸು. ಚಿಕ್ಕ ಮಕ್ಕಳನ್ನು ಮಲಗಿಸಿ ನೋಡುವುದು ಒಳ್ಳೆಯದು.

ಮರುದಿನ ಬೆಳಿಗ್ಗೆ ಶಟರ್ ಎತ್ತುವಾಗ ಆ ಹುಡುಗನ ಗಾಡಿ ರಸ್ತೆಯಲ್ಲಿ ಹೋಯಿತು. ಈಗ ಅವನಿಗೂ ಮದುವೆಯಾಗಿದೆ, ಹಿಂದೆ ಹೆಂಡತಿ ಕೂತಿದ್ದಳು. ಗೇರ್ ಬದಲಿಸಿದಾಗ ಠಕ್ಕೆಂದಿತು. ಚೈನ್ ಕವರಿನ ಬೋಲ್ಟು ಇನ್ನೂ ಸಡಿಲವೇ ಇದೆ.